ಪವರ್ ಜಾಸ್ತಿ ಇರೋ ಮಾತ್ರೆ

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಸಣ್ಣ ಆಪರೇಷನ್. ಚರ್ಮದ ಕೆಳಗಿನ ಗಂಟು ತೆಗೆದು, ನಾಲ್ಕು ಹೊಲಿಗೆ ಹಾಕಿ, ಅದೇ ದಿನ ಮನೆಗೆ ಕಳಿಸಿದ್ದಾರೆ ಅಂದುಕೊಳ್ಳಿ. ಮೊದಲೆರಡು ದಿನ ನೋವು, ಊತ ಇದ್ದೇ ಇರುತ್ತದೆ. ದಿನ ಕಳೆದಂತೆ ಅದು ಇಳಿಯಬೇಕು. ಇಳಿಯುವುದು ಬಿಟ್ಟು ಏರತೊಡಗಿದರೆ, ಹೊಲಿಗೆಯ ಸುತ್ತ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಕೀವು ಒಸರಿದರೆ, ಗಾಯಕ್ಕೆ ಸೋಂಕು ತಗಲಿರಬಹುದು.

ಆಗ ಬಹಳ ಜನ ಡಾಕ್ಟರನ್ನು ಕೇಳುವುದು ಒಂದೇ ಮಾತು: "ಸ್ವಲ್ಪ ಪವರ್ ಜಾಸ್ತಿ ಇರೋ ಮಾತ್ರೆ ಕೊಡಿ." ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದ ಮುಂದೆ ಈ ಪವರ್ ಲೆಕ್ಕ ನಡೆಯುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಗಾಯಗಳಲ್ಲಿ ಹೆಚ್ಚಾಗಿ ಸಿಗುವ ಒಂದು ಬ್ಯಾಕ್ಟೀರಿಯಾದ ಹೆಸರು ಸ್ಟೆಫಿಲೋಕಾಕಸ್ ಆರಿಯಸ್. ಹತ್ತರಲ್ಲಿ ಸುಮಾರು ಮೂರು ಜನರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಕೊಡದೆ ಸುಮ್ನೆ ಇರುತ್ತದೆ. ಇದನ್ನು ಹೊಡೆಯಲು 1959ರಲ್ಲಿ ಮೆಥಿಸಿಲಿನ್ ಎಂಬ ಔಷಧಿ ಬಂತು. 1961ರ ಹೊತ್ತಿಗೆ ಅದಕ್ಕೂ ಜಗ್ಗದ ತಳಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿತು. ಅದೇ ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫಿಲೋಕಾಕಸ್ ಆರಿಯಸ್. ಪೆನಿಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾದ ಒಂದು ಪ್ರೋಟೀನಿಗೆ ಅಂಟಿಕೊಂಡು, ಅದು ತನ್ನ ಹೊರಗೋಡೆ ಕಟ್ಟದಂತೆ ತಡೆಯುತ್ತವೆ. ಈ ತಳಿ ಬೇರೆಯದೇ ಪ್ರೋಟೀನ್ ತಯಾರಿಸಿಕೊಂಡಿದೆ. ಔಷಧಿಗೆ ಅಲ್ಲಿ ಹಿಡಿತವೇ ಸಿಗುವುದಿಲ್ಲ. ಹಾಗಾಗಿ ದುಬಾರಿ ಮಾತ್ರೆಯೊಂದು ಸೋತ ಕಡೆ, ಡಾಕ್ಸಿಸೈಕ್ಲಿನ್‌ನಂಥ ಹಳೆಯ ಮಾತ್ರೆ ಕೆಲಸ ಮಾಡಿಬಿಡಬಹುದು.

ಯಾವುದು ಕೆಲಸ ಮಾಡುತ್ತದೆ ಅಂತ ತಿಳಿಯುವುದು ಕಲ್ಚರ್ ಪರೀಕ್ಷೆಯಿಂದ, ಅಂದರೆ ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವುದರಿಂದ. ಆದಷ್ಟು ಮಟ್ಟಿಗೆ ಹೊಸ ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ಕೀವಿನ ಸ್ಯಾಂಪಲ್ ತೆಗೆಯಬೇಕು. "ಕಲ್ಚರ್‌ಗೆ ಕಳಿಸ್ತೀರಾ ಡಾಕ್ಟ್ರೇ?" ಅಂತ ಕೇಳುವುದರಲ್ಲಿ ಸಂಕೋಚ ಬೇಡ. ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು, ಬ್ಯಾಕ್ಟೀರಿಯಾ ಬೆಳೆಯಬೇಕಲ್ವಾ? ರಿಪೋರ್ಟಿನಲ್ಲಿ ಔಷಧಿಗಳ ಪಟ್ಟಿ, ಪಕ್ಕದಲ್ಲಿ ಒಂದೊಂದು ಅಕ್ಷರ. ಎಸ್ ಅಂದರೆ ಬಗ್ಗುತ್ತದೆ, ಆರ್ ಅಂದರೆ ಬಗ್ಗುವುದಿಲ್ಲ. ಆರ್‌ಗಳ ಸಾಲು ನೋಡಿ ಎದೆ ಧಸಕ್ ಅನ್ನುತ್ತದೆ, ನಿಜ. ಡಾಕ್ಟರಿಗೆ ಬೇಕಾಗಿರುವುದು ನಿಮಗೆ ಹೊಂದುವ ಒಂದು ಎಸ್ ಅಷ್ಟೇ.

ರಿಪೋರ್ಟ್ ಬರುವವರೆಗೆ ಕೆಂಪಾದ ಜಾಗದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದಿಡಿ. ಕೆಂಪು ಆ ಗೆರೆಯನ್ನು ದಾಟಿ ಹರಡಿದರೆ, ಅಥವಾ ಚಳಿ ಜ್ವರ, ತಲೆಸುತ್ತು, ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಕೀವು ಒಳಗೇ ಕಟ್ಟಿಕೊಂಡಿದ್ದರೆ ಮಾತ್ರೆಗಿಂತ ಅದನ್ನು ಹೊರಗೆ ಬಿಡುವುದೇ ಮುಖ್ಯ. ಹೊಲಿಗೆ ಬಿಚ್ಚಿ, ಕೀವು ತೆಗೆದು, ಗಾಯವನ್ನು ತೆರೆದೇ ಬಿಟ್ಟು ಗಾಜ್ ಬಟ್ಟೆ ತುಂಬುತ್ತಾರೆ. ನೋಡಿದವರಿಗೆ ಗಾಬರಿ. ಬಾಯಿ ಮೊದಲು ಮುಚ್ಚಿದರೆ ಕೀವು ಮತ್ತೆ ಒಳಗೆ ಸಿಕ್ಕಿಬೀಳುತ್ತದೆ, ಅದಕ್ಕೇ ತಳದಿಂದ ಮೇಲಕ್ಕೆ ಮಾಗಲಿ ಅಂತ ಹೀಗೆ ಬಿಡುವುದು. ಡ್ರೆಸಿಂಗ್ ಬದಲಾಯಿಸುವಾಗ ಒಣಗಿ ಅಂಟಿದ ಬಟ್ಟೆಯನ್ನು ಹಾಗೇ ಕಿತ್ತರೆ ಜೀವ ಹೋದಂತಾಗುತ್ತದೆ. ಸಲೈನ್‌ನಲ್ಲಿ ನೆನೆಸಿ ತೆಗೆಯಲು ಹೇಳಿ. ಬರೆದುಕೊಟ್ಟ ನೋವಿನ ಮಾತ್ರೆಯನ್ನು ಸ್ವಲ್ಪ ಮೊದಲೇ ನುಂಗಬಹುದಾ ಅಂತಲೂ ಕೇಳಿ.

ಸೋಂಕು ಜೋರಾಗಿದ್ದರೆ ವ್ಯಾಂಕೋಮೈಸಿನ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಕನಿಷ್ಠ ಒಂದು ಗಂಟೆಯಾದರೂ ನಿಧಾನವಾಗಿ ಇಳಿಯಬೇಕು. "ಸಿಸ್ಟರ್, ಸ್ವಲ್ಪ ಬೇಗ ಬಿಡಿ" ಅಂತ ಅವಸರ ಮಾಡಬೇಡಿ. ಬೇಗ ಬಿಟ್ಟರೆ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ ಹತ್ತಬಹುದು. ಮೂತ್ರಪಿಂಡ ಸರಿ ಇದೆಯಾ ಅಂತ ನಡುನಡುವೆ ರಕ್ತವನ್ನೂ ಪರೀಕ್ಷಿಸುತ್ತಾರೆ.

ಇನ್ನು ಮನೆಯವರು. ಔಷಧಿಗೆ ಬಗ್ಗದ ಸೋಂಕು ಅಂದ ಕೂಡಲೇ ರೋಗಿಯನ್ನು ದೂರ ಇಡುವವರಿದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಗಾಯ ಮುಚ್ಚಿರಲಿ, ಟವೆಲ್, ರೇಜರ್ ಬೇರೆ ಇರಲಿ, ಗಾಯ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಪಕ್ಕದಲ್ಲಿ ಕೂತು ಹರಟೆ ಹೊಡೆಯಲು ಏನಡ್ಡಿ?

ಗಾಯ ಮಾಗಿದ ಮೇಲೂ ಆ ರಿಪೋರ್ಟ್ ಎಸೆಯಬೇಡಿ. ಮುಂದೆ ಇನ್ನೊಂದು ಆಪರೇಷನ್ ಬಂದರೆ, ಅದು ಹಲ್ಲಿನದ್ದೇ ಇರಲಿ, ಮೊದಲೇ ತೋರಿಸಿ. ಮೂಗಿನೊಳಗೆ ಉಳಿದ ಬ್ಯಾಕ್ಟೀರಿಯಾ ಹೋಗಲಿ ಅಂತ ಕೆಲವರಿಗೆ ಮೂಗಿಗೆ ಐದು ದಿನ ಹಚ್ಚುವ ಮ್ಯುಪಿರೋಸಿನ್ ಮುಲಾಮು ಬರೆದುಕೊಡುತ್ತಾರೆ, ಆಪರೇಷನ್ನಿಗೆ ಮುಂಚೆ ಕೊಡುವ ಇಂಜೆಕ್ಷನ್ ಕೂಡ ಬದಲಾಗಬಹುದು.

ನಮಸ್ಕಾರ.