ಟೊಮೆಟೊಗೆ ತೆರಿಗೆ ಇಲ್ಲ ಅಂದವರು ಯಾರು?

ನಮಸ್ಕಾರ. ಕೋಲಾರ ಎಪಿಎಂಸಿಗೆ ಬರುವ ಯಾವ ರೈತರನ್ನಾದರೂ ಜಿಎಸ್‌ಟಿ ಬಗ್ಗೆ ಕೇಳಿ. "ಅದೆಲ್ಲ ಅಂಗಡಿಯವರಿಗೆ, ನಮಗಲ್ಲ ಬಿಡಿ" ಅನ್ನುತ್ತಾರೆ. ಅರ್ಧ ನಿಜ. ತಾಜಾ ಟೊಮೆಟೊಗೆ ಜಿಎಸ್‌ಟಿ ಇಲ್ಲ. ಬೇಸಾಯದ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸೂ ಇಲ್ಲ.

ಆದರೆ ಅದೇ ಟೊಮೆಟೊ ಬೆಳೆಯಲು ತಂದ ಸಾಮಾನಿನ ಬಿಲ್ ತೆಗೆದು ನೋಡಿ. ಗೊಬ್ಬರಕ್ಕೆ ಶೇ 5. ಹೊಡೆಯುವ ರಾಸಾಯನಿಕ ಔಷಧಿಗೆ ಶೇ 18. ಸಾಲಿನ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟಿಗೂ 18. ಡೀಸೆಲ್ಲಂತೂ ಜಿಎಸ್‌ಟಿಯ ಹೊರಗೇ ಇದೆ. ಅದಕ್ಕೆ ಕೇಂದ್ರದ ಸುಂಕ ಬೇರೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿದ ರಾಜ್ಯದ ಮಾರಾಟ ತೆರಿಗೆ ಬೇರೆ.

ಕೆಚಪ್ ಕಂಪನಿಯವರು ಏನು ಮಾಡುತ್ತಾರೆ? ಬಾಟಲಿ, ಯಂತ್ರ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ರೈತರಿಗೆ ಆ ದಾರಿಯೇ ಇಲ್ಲ. ಮಾರುವ ಮಾಲಿಗೆ ತೆರಿಗೆ ಇಲ್ಲ, ಹಾಗಾಗಿ ಮುರಿದುಕೊಳ್ಳಲು ಏನೂ ಇಲ್ಲ. ಬೆಲೆಗಾದರೂ ಸೇರಿಸೋಣ ಅಂದರೆ, ಮಂಡಿಯಲ್ಲಿ ಬೆಲೆ ಹರಾಜಿನಲ್ಲಿ ತೀರ್ಮಾನ ಆಗುತ್ತದೆ. ವಿನಾಯಿತಿ ಅಂತ ನಾವು ಖುಷಿಪಡುವ ವ್ಯವಸ್ಥೆ ಇದು!

ಟಿವಿ ಚರ್ಚೆಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ನಾನು ಹೇಳುವುದು, ತೆರಿಗೆಯ ಮಾತು ಡೈರಿ ಕಟ್ಟೆಗೆ, ಸ್ತ್ರೀಶಕ್ತಿ ಸಂಘದ ಮೀಟಿಂಗಿಗೆ ಬರಲಿ. ಸಾಲ, ಬಡ್ಡಿ, ಉಳಿತಾಯದ ಲೆಕ್ಕವನ್ನು ಪೈಸೆ ಬಿಡದೆ ನೋಡುವ ಹೆಂಗಸರಿಗೆ ಜಿಎಸ್‌ಟಿ ಯಾವ ಲೆಕ್ಕ?

ಗುಂಪು ಯಾಕೆ ಬೇಕು ಅಂದರೆ, 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಯಿತು. ಹನಿ ನೀರಾವರಿ ಸಾಮಾನಿಗೆ, ಟ್ರ್ಯಾಕ್ಟರಿಗೆ ಶೇ 12 ಇದ್ದದ್ದು ಶೇ 5 ಆಯಿತು. ನಂದಿನಿ ತುಪ್ಪ ಲೀಟರಿಗೆ 650 ರೂಪಾಯಿ ಇದ್ದದ್ದು 610ಕ್ಕೆ ಇಳಿಯಿತು, ಅದು ಎಲ್ಲರ ಕಣ್ಣಿಗೂ ಬಿತ್ತು. ಡ್ರಿಪ್ ಪೈಪಿನ ಬೆಲೆಯೂ ಹಾಗೇ ಇಳಿಯಿತಾ? ಒಬ್ಬರೇ ಕೂತರೆ ಗೊತ್ತಾಗುವುದಿಲ್ಲ. ಹತ್ತು ಜನ ಸೇರಿದರೆ ಮೊದಲು ಕೊಂಡವರ ಬಿಲ್ಲೂ ಸಿಗುತ್ತದೆ, ಆಮೇಲೆ ಕೊಂಡವರ ಬಿಲ್ಲೂ ಸಿಗುತ್ತದೆ. ಪಕ್ಕಪಕ್ಕ ಇಟ್ಟರೆ ಸಾಕು. ಬಿಲ್ಲೇ ಕೊಡದ ಅಂಗಡಿ ಯಾವುದು ಅನ್ನುವುದೂ ಬಯಲಾಗುತ್ತದೆ, ಅದು ಬೋನಸ್ಸು.

ಅದೇ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟು ಗಾಬರಿ ಆಯಿತು, ನೆನಪಿದೆ ಅಲ್ವಾ? ಬರೀ ತಾಜಾ ತರಕಾರಿ ಮಾರುವವರಿಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ಇಷ್ಟು ಗೊತ್ತಿದ್ದರೆ ಅವರಾದರೂ ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಹಾಗಂತ ತೆರಿಗೆಯೇ ಬೇಡ ಅನ್ನುವ ಗುಂಪು ನನಗೆ ಬೇಡ. 2018ರಿಂದ ಕೆಸಿ ವ್ಯಾಲಿ ನೀರು, ಅಂದರೆ ಎರಡು ಹಂತದಲ್ಲಿ ಶುದ್ಧ ಮಾಡಿದ ಬೆಂಗಳೂರಿನ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬಂದದ್ದು ಯಾರ ದುಡ್ಡಿನಲ್ಲಿ? ಆ ನೀರನ್ನು ಮೂರನೇ ಹಂತದಲ್ಲೂ ಶುದ್ಧ ಮಾಡಿ ಅಂತ ಕೇಳುವವರೂ ನಾವೇ, ಡೀಸೆಲ್ ತೆರಿಗೆ ಇಳಿಸಿ ಅನ್ನುವವರೂ ನಾವೇ. ಎರಡೂ ಒಟ್ಟಿಗೆ ಆಗುತ್ತಾ? ಸಂಘದಲ್ಲಿ ಕೂತು ಜಗಳ ಆಡೋಣ. ನನ್ನನ್ನು ಕೇಳಿದರೆ ನೀರು ಮೊದಲು, ಡೀಸೆಲ್ ಆಮೇಲೆ. ಒಪ್ಪದಿದ್ದರೆ ವಾದಕ್ಕೆ ಬನ್ನಿ, ಬಿಲ್ ಸಮೇತ.