ಮೂವತ್ತೈದು ದಾಟಿದ ಮೇಲೆ ಏಳು ಮ್ಯಾಚ್

ಎಲ್ಲರಿಗೂ ನಮಸ್ಕಾರ. ವಯಸ್ಸಾದ ಟೆನಿಸ್ ಚಾಂಪಿಯನ್‌ಗಳು ಇನ್ನೂ ಗ್ರ್ಯಾಂಡ್ ಸ್ಲಾಮ್ (ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದು) ಗೆಲ್ತಾರಾ ಅಂತ ಯಾರಾದ್ರೂ ಕೇಳಿದ್ರೆ ನಂಗೆ ಮೊದಲು ಕಣ್ಮುಂದೆ ಬರೋದು 2017ರ ಆಸ್ಟ್ರೇಲಿಯನ್ ಓಪನ್ ಫೈನಲ್. ಫೆಡರರ್‌ಗೆ ಆಗ 35 ವರ್ಷ, ಹಿಂದಿನ ವರ್ಷವಷ್ಟೇ ಮಂಡಿ ಆಪರೇಶನ್ ಆಗಿತ್ತು, ಆಮೇಲೆ ಆರು ತಿಂಗಳು ಆಟವನ್ನೇ ಬಿಟ್ಟು ಕೂತಿದ್ದ, ಐದನೇ ಸೆಟ್‌ನಲ್ಲಿ ನಡಾಲ್ 3-1 ಮುಂದೆ, ನಾನಂತೂ ಮುಗೀತು ಬಿಡು ಅಂದ್ಕೊಂಡೆ. ಅಲ್ಲಿಂದ ಫೆಡರರ್ ಸತತವಾಗಿ ಐದು ಗೇಮ್ ತಗೊಂಡು ಗೆದ್ದ. 4-3 ಇದ್ದಾಗ 26 ಹೊಡೆತದ ಒಂದು ರ‍್ಯಾಲಿ ಬಂತು ನೋಡಿ, ಬಾಲ್ ಆ ಕಡೆ ಈ ಕಡೆ ಓಡಾಡಿ ಓಡಾಡಿ ಕೊನೆಗೆ ಫೋರ್‌ಹ್ಯಾಂಡ್‌ನಲ್ಲಿ ಗೆರೆ ಪಕ್ಕಕ್ಕೇ ನೇರವಾಗಿ ಹೊಡೆದು ಮುಗಿಸಿದ. ಈಗ ನೆನೆಸ್ಕೊಂಡ್ರೂ ಮೈ ಜುಮ್ ಅನ್ನುತ್ತೆ.

ಅಂದ್ರೆ ಕೈಗೆ ವಯಸ್ಸಾಗಲ್ಲ. ಸರ್ವ್, ರಿಟರ್ನ್, ಬಾಲ್ ಎಲ್ಲಿಗೆ ಬರುತ್ತೆ ಅನ್ನೋ ಅಂದಾಜು, ಇದ್ಯಾವುದೂ ಅಷ್ಟು ಬೇಗ ಹೋಗಲ್ಲ. ಮೊದಲು ಕೈ ಕೊಡೋದು ಕಾಲು, ಅದೂ ಮ್ಯಾಚ್ ದಿನ ಅಲ್ಲ, ಅದರ ಮಾರನೇ ದಿನ.

ಸ್ಲಾಮ್ ಗೆಲ್ಲೋಕೆ ಎರಡು ವಾರದಲ್ಲಿ ಏಳು ಮ್ಯಾಚ್ ಗೆಲ್ಲಬೇಕು, ಗಂಡಸರಿಗೆ ಒಂದೊಂದೂ ಐದು ಸೆಟ್‌ವರೆಗೆ ಹೋಗಬಹುದು. 22ರ ಹುಡುಗ ನಾಲ್ಕು ಗಂಟೆ ಆಡಿ ಮಲಗಿ ಎದ್ರೆ ಫ್ರೆಶ್ ಆಗಿರ್ತಾನೆ, 37ರವನಿಗೆ ಆ ಸುಸ್ತು ಮುಂದಿನ ಮ್ಯಾಚ್‌ವರೆಗೂ ಬೆನ್ನು ಬಿಡಲ್ಲ. ಜೊಕೊವಿಚ್‌ನೇ ತಗೊಳ್ಳಿ. 2024ರ ವಿಂಬಲ್ಡನ್ ಫೈನಲ್‌ನಲ್ಲಿ ಅಲ್ಕರಾಜ್ ಅವನನ್ನ ನೇರ ಸೆಟ್‌ಗಳಲ್ಲಿ ಸೋಲಿಸಿದ, ಅದಾಗಿ ಮೂರೇ ವಾರಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅದೇ ಅಲ್ಕರಾಜ್‌ನ ಸೋಲಿಸಿ ಚಿನ್ನ ತಗೊಂಡ, ಎರಡೂ ಸೆಟ್ 6-6 ಸಮ ಆಗಿ ಟೈಬ್ರೇಕರ್‌ಗೆ ಹೋಗಿತ್ತು. ವಿಂಬಲ್ಡನ್‌ಗೆ ಮುಂಚೆ ಮಂಡಿ ಆಪರೇಶನ್ ಆಗಿತ್ತು, ಅದೂ ಒಂದು ಕಾರಣ ಇರಬಹುದು, ಆದ್ರೆ ಒಲಿಂಪಿಕ್ಸ್‌ನಲ್ಲಿ ಹೆಚ್ಚೆಂದ್ರೆ ಮೂರೇ ಸೆಟ್‌ನ ಮ್ಯಾಚ್ ಅನ್ನೋದೇ ನನ್ನ ಪ್ರಕಾರ ದೊಡ್ಡ ವ್ಯತ್ಯಾಸ. 2025ರಲ್ಲಿ ನಾಲ್ಕೂ ಸ್ಲಾಮ್‌ಗಳಲ್ಲಿ ಸೆಮಿಫೈನಲ್‌ವರೆಗೆ ಬಂದ, ನಾಲ್ಕರಲ್ಲೂ ಅಲ್ಲೇ ನಿಂತ. ಯುಎಸ್ ಓಪನ್ ಸೆಮಿ ಸೋತ ಮೇಲೆ, ಎರಡನೇ ಸೆಟ್ ಮುಗಿಯೋ ಹೊತ್ತಿಗೆ ಮೈಯಲ್ಲಿ ಶಕ್ತಿನೇ ಉಳಿದಿರಲಿಲ್ಲ ಅಂತ ಅವನೇ ಹೇಳ್ಕೊಂಡ. ಕೇಳಿ ಬೇಜಾರಾಯ್ತು, ಆದ್ರೆ ಅದೇ ನಿಜ.

ಇದು ಇವತ್ತಿನ ಕಥೆ ಮಾತ್ರ ಅಲ್ಲ. ಕೆನ್ ರೋಸ್ವಾಲ್ 1972ರಲ್ಲಿ 37ನೇ ವಯಸ್ಸಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದ, ಆದ್ರೆ 39ಕ್ಕೆ ವಿಂಬಲ್ಡನ್, ಯುಎಸ್ ಓಪನ್ ಎರಡರಲ್ಲೂ ಫೈನಲ್‌ಗೆ ಬಂದು ಎರಡರಲ್ಲೂ ಕಾನರ್ಸ್ ಎದುರು ಸೋತ. ಸೆರೆನಾ 35ಕ್ಕೆ 23ನೇ ಸ್ಲಾಮ್ ಗೆದ್ಲು, ಅಮ್ಮ ಆದ್ಮೇಲೆ ನಾಲ್ಕು ಸ್ಲಾಮ್ ಫೈನಲ್ ಆಡಿದ್ಲು, ಒಂದೂ ಸಿಗಲಿಲ್ಲ. 2019ರ ವಿಂಬಲ್ಡನ್ ಫೈನಲ್ ಅಂತೂ ಹೇಳೋದೇ ಬೇಡ, 38ಕ್ಕೆ ಒಂದು ತಿಂಗಳು ಬಾಕಿ ಇದ್ದ ಫೆಡರರ್ ಐದನೇ ಸೆಟ್‌ನಲ್ಲಿ 8-7, 40-15ರಲ್ಲಿ ಸರ್ವ್ ಮಾಡ್ತಿದ್ದ, ಒಂದೇ ಪಾಯಿಂಟ್ ಗೆದ್ರೆ ಟ್ರೋಫಿ ಅನ್ನೋ ಅವಕಾಶ ಎರಡು ಸಲ ಸಿಕ್ತು, ಎರಡೂ ಕೈತಪ್ಪಿ ಸೋತ.

ಹಾಗಂತ ಜೊಕೊವಿಚ್‌ಗೆ 25ನೇ ಸ್ಲಾಮ್ ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಬರಬೇಕಾದ್ರೆ ಮೊದಲ ವಾರದ ಮ್ಯಾಚ್‌ಗಳೆಲ್ಲ ಎರಡು ಗಂಟೆ ಒಳಗೆ ಮುಗೀಬೇಕು, ಯುವ ಆಟಗಾರರಾದ ಸಿನ್ನರ್, ಅಲ್ಕರಾಜ್ ಇಬ್ಬರಲ್ಲಿ ಒಬ್ಬನನ್ನ ಬೇರೆ ಯಾರಾದ್ರೂ ಮೊದಲೇ ಮನೆಗೆ ಕಳಿಸಬೇಕು. ಅವನು ಆಡೋ ಸ್ಲಾಮ್‌ನಲ್ಲಿ ನಾನು ಮೊದಲು ನೋಡೋದು ಸ್ಕೋರ್ ಅಲ್ಲ, ಮೂರನೇ ರೌಂಡ್ ಎಷ್ಟು ಹೊತ್ತು ನಡೀತು ಅಂತ. ನಮಸ್ಕಾರ.