ಮಡಿ ಮಾಡುವುದು ಅಂದರೆ

ಕೇಳುಗರಿಗೆ ನಮಸ್ಕಾರ.

ಮುಂಬೈಯ ಮಹಾಲಕ್ಷ್ಮಿ ಸ್ಟೇಷನ್ ಪಕ್ಕದ ಸೇತುವೆ ಮೇಲೆ ನಿಂತರೆ ಕೆಳಗೆ ಧೋಬಿಘಾಟ್ ಕಾಣುತ್ತದೆ. 1890ರ ಹೊತ್ತಿಗೆ ಶುರುವಾದದ್ದು. ಸಾಲು ಸಾಲು ತೊಟ್ಟಿ, ತೊಟ್ಟಿಗೊಂದು ಒಗೆಯುವ ಕಲ್ಲು. ಸೊಂಟದ ತನಕ ಒದ್ದೆಯಾಗಿ ನಿಂತವರು ಬೆಡ್‌ಶೀಟನ್ನು ತಲೆ ಮೇಲಿಂದ ಬೀಸಿ ಕಲ್ಲಿಗೆ ಬಡಿಯುತ್ತಾರೆ. ನಮ್ಮ ಹಳ್ಳಿ ಕಡೆಯ ಹಿರಿಯರು ನೋಡಿದರೆ 'ಬಟ್ಟೆ ಮಡಿ ಮಾಡ್ತಿದಾರೆ' ಅನ್ನುತ್ತಾರೆ.

ಮಡಿ ಅಂದರೆ ಮುಟ್ಟಬೇಡ ಅನ್ನೋದಷ್ಟೇ ನಮಗೀಗ ನೆನಪಾಗುತ್ತದೆ, ಅಲ್ವಾ? ಆದರೆ ಮಡಿ ಅಂದರೆ ಒಗೆದ ಬಟ್ಟೆಯೂ ಹೌದು. ಬಹುಶಃ ಒಗೆದು ಮಡಿಚಿಟ್ಟದ್ದಕ್ಕೇ ಆ ಹೆಸರು ಬಂತೇನೋ. ಅದನ್ನು ಮಾಡುವವನು ಮಡಿವಾಳ. ಇದೇ ಮುಂಬೈಯ ದಾದರಿನ ಮರಾಠಿ ಮನೆಗಳಲ್ಲಿ ಕೇಳುವ 'ಸೋವಳೆ'ಯೂ ಹೀಗೇ. ಪೂಜೆಗೆ ಉಡುವ ಬಟ್ಟೆಯೂ ಸೋವಳೆ, ಉಟ್ಟಾಗಿನ ಶುದ್ಧಿಯೂ ಸೋವಳೆ.

ಸಂಸ್ಕೃತದ 'ಪವಿತ್ರ' ಕೂಡ ಮೊದಲು ಒಂದು ಸಾಮಾನಿನ ಹೆಸರೇ. ಋಗ್ವೇದದ ಒಂಬತ್ತನೇ ಮಂಡಲದಲ್ಲಿ ಸೋಮರಸವನ್ನು ಸೋಸುವ ಕುರಿ ಉಣ್ಣೆಯ ಜರಡಿ ಅದು. ಧಾತು 'ಪೂ', ಶುದ್ಧ ಮಾಡು ಅಂತ. ಪವನ, ಪಾವಕ ಎಲ್ಲ ಅದೇ ಮನೆಯವು.

ಈಗ ತಮಾಷೆ ನೋಡಿ. ಮುಂಬೈಯ ಹಳೇ ಚಾಳು, ಅಂದರೆ ಒಂದೊಂದೇ ಕೋಣೆಯ ವಠಾರ, ಅಲ್ಲೂ ಅಜ್ಜಿಯರು ಸೂರಿಗೆ ಬಿದಿರು ಕಟ್ಟಿ, ಮಡಿಕೋಲಿನಿಂದ ಸೀರೆ ಹರವುತ್ತಿದ್ದರು. ಕೆಳಗೆ ಹತ್ತು ಜನ ಓಡಾಡಿದರೂ ಯಾರ ಕೈಗೂ ಎಟುಕಬಾರದು. ಮಡಿವಾಳ ಎಷ್ಟೇ ಬೆಳ್ಳಗೆ ಒಗೆದು ತಂದರೂ ಆ ಬಟ್ಟೆ ಅವರಿಗೆ ಮಡಿ ಅಲ್ಲ. ಮನೆಯಲ್ಲಿ ಮತ್ತೊಮ್ಮೆ ನೀರಿಗೆ ಅದ್ದಿ ಹಿಂಡಲೇಬೇಕು. ರೇಷ್ಮೆಗೆ ಮಾತ್ರ ವಿನಾಯಿತಿ! ಕೆಲಸ ಮಾಡಿದವನ ಕೈಯಿಂದ ಮಡಿ ಅನ್ನುವ ಪದವನ್ನೇ ಕಸಿದುಕೊಂಡದ್ದು ನನಗಂತೂ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಹನ್ನೆರಡನೇ ಶತಮಾನದಲ್ಲಿ, ಬಸವಣ್ಣನವರ ಕಲ್ಯಾಣದಲ್ಲಿ ಒಬ್ಬರು ಇದನ್ನೇ ತಿರುಗಿಸಿ ಹಾಕಿದರು. ಮಡಿವಾಳ ಮಾಚಿದೇವರು, 'ಕಲಿದೇವರದೇವ' ಅಂಕಿತದ ವಚನಕಾರರು. ಶರಣರ ಬಟ್ಟೆ ಮಾತ್ರ ಒಗೆಯುತ್ತಿದ್ದರು. ಬಟ್ಟೆ ಗಂಟು ಹೊತ್ತು ಹೊರಟರೆ ಗಂಟೆ ಬಾರಿಸುತ್ತಿದ್ದರಂತೆ. ದಾರಿಯಲ್ಲಿ ಭವಿಗಳು, ಅಂದರೆ ಲಿಂಗದೀಕ್ಷೆ ಪಡೆಯದವರು, ಯಾರೂ ಗಂಟನ್ನು ಮುಟ್ಟಬಾರದು ಅಂತ. ಅದಕ್ಕೇ ಅವರನ್ನು ವೀರಘಂಟೆ ಮಡಿವಾಳಯ್ಯ ಅಂತಲೂ ಕರೆಯುತ್ತಾರೆ.